ಆಡೂರಿನ ವಂಶಾವಳಿ ಕಳವು

೧೯೩೮ನೇ ಇಸವಿ ಮಾರ್ಚ್ ೧೪, ಸೋಮವಾರ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಹೂವಪ್ಪ ಹೆಳವ ಏದುಸಿರು ಬಿಡುತ್ತ ಹಾನಗಲ್ಲ ಠಾಣೆಗೆ ಬಂದ. ಎತ್ತು ಏರಿ ಊರೂರು ತಿರುಗಿ ಮನೆತನಗಳ ಹಿರಿಯರ ಹೆಸರು ಹೇಳುವುದು, ಹುಟ್ಟಿದವರನ್ನು ಪುಸ್ತಕದಲ್ಲಿ ಬರೆದಿಡುವುದು ಅವನ ಕಸುಬು.

"ಪುಸ್ತಕ ಹೋತ್ರಿ ಸಾಹೇಬ್ರ. ಆಡೂರ ಚಾವಡ್ಯಾಗ. ನಮ್ಮ ಮುತ್ಯಾ ಬರದಿದ್ದು."

ಫೌಜದಾರ ಗುದ್ಲೆಪ್ಪ ಕೇಳಿದರು, "ಚೀಲದಾಗ ಮತ್ತೇನಿತ್ತು?"

"ಬೆಳ್ಳಿ ಕಡಗ ಇತ್ರಿ. ಅದನ್ನ ಮುಟ್ಟಿಲ್ಲ."

ಎಫ್.ಐ.ಆರ್. ಆಯಿತು. ಆ ಪುಸ್ತಕ ಗುರುವಾರ ಹನ್ನೊಂದಕ್ಕೆ ಮಾಮಲೇದಾರ ಕಚೇರಿಯಲ್ಲಿ ಹಾಜರಾಗಬೇಕಿತ್ತು. ಆಡೂರಿನ ಗೌಡಕಿಯ ಹುದ್ದೆ ತನಗೆ ಸೇರಬೇಕೆಂದು ಭರಮಪ್ಪಗೌಡನ ಅರ್ಜಿ. ಅವನ ಮುತ್ತಜ್ಜ ಲಕ್ಷ್ಮಪ್ಪಗೌಡನಿಗೆ ಮಕ್ಕಳೇ ಇರಲಿಲ್ಲ, ಗೌಡಕಿ ಲಕ್ಷ್ಮಪ್ಪಗೌಡನ ತಮ್ಮನ ವಂಶದವನಾದ ತನಗೇ ಬರಬೇಕೆಂದು ದಾಯಾದಿ ಮೈಲಾರಪ್ಪನ ತಕರಾರು. ತೊಂಬತ್ತು ವರ್ಷದ ಹಿಂದಿನ ಸಂಗತಿಗೆ ಸಾಕ್ಷಿ ಹೇಳುವವರು ಯಾರೂ ಬದುಕಿರಲಿಲ್ಲ; ಇದ್ದದ್ದು ಆ ಪುಸ್ತಕವೊಂದೇ.

ಮಂಗಳವಾರ ಪಂಚರ ಸಮಕ್ಷಮ ಮೈಲಾರಪ್ಪನ ಮನೆ ಶೋಧಿಸಿದರು. ಏನೂ ಸಿಗಲಿಲ್ಲ. ಸೋಮವಾರವಿಡೀ ಅವನು ಸವಣೂರ ಸಂತೆಯಲ್ಲಿದ್ದುದನ್ನು ಕಾನ್‌ಸ್ಟೇಬಲ್ ಪೀರಸಾಬ ಖಾತ್ರಿ ಮಾಡಿಕೊಂಡು ಬರುವಷ್ಟರಲ್ಲಿ ಬುಧವಾರ ಮಧ್ಯಾಹ್ನವಾಗಿತ್ತು. ವಿಚಾರಣೆಗೆ ಒಂದು ದಿನವೂ ಉಳಿದಿರಲಿಲ್ಲ.

ಆಗ ಹೂವಪ್ಪ ನೆನಪಿಸಿಕೊಂಡ. "ಮಾಸೂರಾಗ ನಮ್ಮ ದೊಡ್ಡಪ್ಪನ ಕಡೆ ಅದರ ನಕಲು ಐತ್ರಿ."

ಪೀರಸಾಬನನ್ನು ಮಾಸೂರಿಗೆ ಅಟ್ಟಿ, ಗುದ್ಲೆಪ್ಪ ಈ ಸುದ್ದಿ ಹೇಳಲು ಭರಮಪ್ಪಗೌಡನ ಮನೆಗೆ ಹೋದರು. ಅವನು ಕೈ ಮುಗಿದ. ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ಶಂಕ್ರವ್ವ ತಲೆ ಎತ್ತಿದಳು.

"ಆ ಪುಸ್ತಕದಾಗೂ ಎಲ್ಲಾ ಬರದಿರ್ತಾರೇನ್ರಿ?"

ಊರವರೆಲ್ಲ ಕೇಳಿದ್ದು ಕಳ್ಳ ಯಾರೆಂದು. ಬರಹದ ಬಗ್ಗೆ ಕೇಳಿದವಳು ಇವಳೊಬ್ಬಳೇ.

ಗುರುವಾರ ಬೆಳಿಗ್ಗೆ ಆರೂವರೆಗೆ ಗುದ್ಲೆಪ್ಪ ಮತ್ತೆ ಬಂದರು.

"ಸೋಮವಾರ ಹೆಳವಗ ರೊಟ್ಟಿ ತಂದವ್ರು ಯಾರು?"

"ನಾನ."

"ಅಂವ ಎತ್ತಿಗೆ ನೀರು ಕುಡಸಾಕ ಹೋಗಿದ್ದ. ಚಾವಡ್ಯಾಗ ಇನ್ಯಾರಿದ್ರು?"

ಮುದುಕಿ ಜೋಳದ ಚೀಲದ ಕಡೆ ನೋಡಿದಳು.

"ಅವ್ವಾ, ಪುಸ್ತಕ ಸುಟ್ಟೀರೇನು?"

"ಹೆಂಗ ಸುಡ್ಲಿ? ಅದರಾಗ ನನ್ನ ಮಗನ ಹೆಸರೂ ಐತಲ್ಲ."

ಎದ್ದು ಹೋಗಿ ಜೋಳದ ಚೀಲದೊಳಗಿಂದ ಪುಸ್ತಕ ತೆಗೆದುಕೊಟ್ಟಳು. ಬಾಗಿಲಲ್ಲಿ ನಿಂತಿದ್ದ ಭರಮಪ್ಪಗೌಡ ಚೀರಿದ, "ಯಾಕಬೇ? ಅದರಿಂದನ ನಾ ಗೆಲ್ಲಾಂವ ಇದ್ದೆ!"

ಅವಳು ಮಗನ ಕಡೆ ನೋಡಲಿಲ್ಲ. ಫೌಜದಾರರಿಗೇ ಹೇಳಿದಳು. "ನಮ್ಮ ಮಾವ ಫಕ್ಕೀರಪ್ಪಗೌಡ್ರು ಸಾಯೂ ಮುಂದ ನನಗಷ್ಟ ಹೇಳಿದ್ರು. ಹುಲಗೂರ ಉರುಸಿನ ದಾರ್ಯಾಗ ಲಕ್ಷ್ಮಪ್ಪಗೌಡ್ರಿಗೆ ಸಿಕ್ಕ ಕೂಸಂತ ಅವರು. ಯಾರ ಕೂಸೋ, ಯಾವ ಜಾತಿಯೋ. ಕಚೇರ್ಯಾಗ ಅದನ್ನ ಓದಿದ್ರ ನನ್ನ ಮಗ ತಲಿ ಎತ್ತಿ ತಿರಗತಾನೇನ್ರಿ?"

ಗುದ್ಲೆಪ್ಪ ಪುಟ ತಿರುವಿ ಆ ಸಾಲು ಹುಡುಕಿ ಗಟ್ಟಿಯಾಗಿ ಓದಿದರು. "ಲಕ್ಷ್ಮಪ್ಪಗೌಡನ ಮಗ ಫಕ್ಕೀರಪ್ಪಗೌಡ."

"ಮುಂದ?"

"ಅಷ್ಟ."

"ಇನ್ನೊಮ್ಮೆ ಓದ್ರಿ."

ಓದಿದರು. ಶಂಕ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು.

ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಮುಗಿಸಿದರು. ಏಳೂ ಐವತ್ತಕ್ಕೆ ಅವಳನ್ನು ದಸ್ತಗಿರಿ ಮಾಡಿ ಚಕ್ಕಡಿಯಲ್ಲಿ ಕೂಡಿಸಿದರು. ಡೈರಿಯಲ್ಲಿ ಗುದ್ಲೆಪ್ಪ ಬರೆದದ್ದು ಇಷ್ಟೇ: 'ಆರೋಪಿಗೆ ಓದಲು ಬಾರದು. ಮಗನ ಮಾನಕ್ಕೆ ಹೆದರಿದ್ದಳು.'

ಭರಮಪ್ಪಗೌಡ ಚಕ್ಕಡಿಯ ಹಿಂದೆ ಹಾನಗಲ್ಲಿನವರೆಗೂ ನಡೆದುಬಂದ. ಹನ್ನೊಂದಕ್ಕೆ ಮಾಮಲೇದಾರ ಕಚೇರಿಯ ಪಟ್ಟೇವಾಲಾ ಅವನ ಹೆಸರನ್ನು ಮೂರು ಸಲ ಕೂಗಿದ. ಅವನಾಗಲೇ ಕಚೇರಿ ದಾಟಿ, ತಾಯಿಗೆ ಜಾಮೀನು ನಿಲ್ಲಲು ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದ.