ಒಂದಂಕಿ ಬದಲಿಸಿ ಕಳಿಸಿ

ಕೂಟಕ್ಕೆ ಸೇರಿದ ಮೊದಲ ದಿನವೇ, ಮುಖ ಕಂಡಿಲ್ಲದ, ಪರಿಚಯವಿಲ್ಲದ ಒಬ್ಬ ಗಂಡಸು ಅವಳನ್ನು ಎಲ್ಲರೆದುರು ಜಿಪುಣಿ ಎಂದು ಕರೆದುಬಿಟ್ಟ.

ಕೂಟವೆಂದರೆ ಇಂಟರ್ನೆಟ್ಟಿನದು, ಫ್ರ್ಯಾಕ್ಟಲ್ ಚಿತ್ರ ಬಿಡಿಸುವವರ ಗುಂಪು. ಕುಂಚ ಬೇಡ, ಕಾಗದ ಬೇಡ. ಒಂದು ಸೂತ್ರ ಮತ್ತು ನಾಲ್ಕಾರು ಅಂಕಿ ಸಾಕು. ಕಂಪ್ಯೂಟರು ಆ ಸೂತ್ರವನ್ನು ತಿರುಗಿಸಿ ತಿರುಗಿಸಿ ಸುರುಳಿಯೊಳಗೊಂದು ಸುರುಳಿ, ಅದರೊಳಗೆ ಇನ್ನೊಂದು, ಹೀಗೆ ಕೊನೆಯಿಲ್ಲದಂತೆ ಬಿಡಿಸುತ್ತಾ ಹೋಗುತ್ತದೆ. ಅವಳು ತನ್ನ ಮೊದಲ ಚಿತ್ರವನ್ನು ಹಿಗ್ಗಿನಿಂದ ಹಾಕಿದಳು. ಅದರ ಕೆಳಗೆ 'ಬಸವನಹುಳು' ಎಂಬ ಅಡ್ಡಹೆಸರಿನವನು ಬರೆದಿದ್ದ: "ಚಿತ್ರ ಚೆನ್ನಾಗಿದೆ. ಸೆಟ್ಟಿಂಗ್ಸ್ ಎಲ್ಲಿ? ಜಿಪುಣಿ ಇರ್ಬೇಕು."

ಹಲ್ಲಿನ ಲ್ಯಾಬಿನಲ್ಲಿ ದಿನವಿಡೀ ಕಂಡವರ ಹಲ್ಲು ಮಾಡುವವಳು ಆ ದಿನ ತನ್ನ ಹಲ್ಲನ್ನೇ ಕಟಕಟ ಕಡಿದಳು.

"ಸೆಟ್ಟಿಂಗ್ಸ್ ಕೊಡೋದು ಕಡ್ಡಾಯ ಅಂತ ಎಲ್ಲೂ ಬರೆದಿಲ್ವಲ್ಲ," ಎಂದು ಉತ್ತರ ಕೊಟ್ಟಳು.

"ಕಡ್ಡಾಯ ಏನಲ್ಲ. ಆದ್ರೆ ಚಿತ್ರ ತೋರ್ಸಿ ಅಂಕಿ ಬಚ್ಚಿಡೋದು, ಮನೆಗೆ ಬನ್ನಿ ಅಂತ ಕರೆದು ಬಾಗಿಲು ಹಾಕ್ಕೊಂಡ ಹಾಗೆ."

ಸಿಟ್ಟಿನಿಂದಲೇ ಅಂಕಿಗಳನ್ನೆಲ್ಲ ಹಾಕಿದಳು. ಮರುದಿನ ಊಟದ ಹೊತ್ತಿಗೆ ಅವನ ಮಾತು ಬಂದಿತ್ತು: "ನಿಮ್ಮ ಚಿತ್ರ ನಮ್ಮನೇಲಿ ಈಗ ಅರ್ಧ ಬಂದಿದೆ. ನನ್ನ ಕಂಪ್ಯೂಟರ್ ಬಲು ನಿಧಾನ, ಅದಕ್ಕೇ ಈ ಹೆಸರು. ನಿನ್ನೆಯಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದೀನಿ. ತಪ್ಪಾಯ್ತು ಜಿಪುಣಿಯವರೇ."

ಅವಳು ನಕ್ಕಳು. ನಕ್ಕ ಮೇಲೆ ಇನ್ನೇನು ಉಳಿಯಿತು? ಆ ಸಂಜೆಯೇ ಕೂಟದಲ್ಲಿ ತನ್ನ ಹೆಸರನ್ನು 'ಜಿಪುಣಿ' ಎಂದು ಬದಲಿಸಿಕೊಂಡಳು.

ಕೂಟದಲ್ಲಿ ಒಂದಂಕಿ ಎಂಬ ಆಟವಿತ್ತು. ಒಬ್ಬರು ಸೆಟ್ಟಿಂಗ್ಸ್ ಕಳಿಸುತ್ತಾರೆ. ಇನ್ನೊಬ್ಬರು ಅದರಲ್ಲಿ ಒಂದೇ ಒಂದು ಅಂಕಿಯನ್ನು ಬದಲಿಸಿ ಹಿಂದಿರುಗಿಸಬೇಕು. ಒಂದಂಕಿ ಬದಲಾದರೆ ಸಾಕು, ಬಳ್ಳಿಯಿದ್ದದ್ದು ಗರಿಯಾಗುತ್ತದೆ, ಗರಿಯಿದ್ದದ್ದು ಅಲೆಯಾಗುತ್ತದೆ. ಏನನ್ನೂ ಬದಲಿಸದೆ ಹಾಗೇ ವಾಪಸು ಕಳಿಸಿದರೆ 'ಸಾಕು' ಎಂದರ್ಥ. ಅಲ್ಲಿಗೆ ಆಟ ಮುಗಿಯಿತು.

ಅವರಿಬ್ಬರ ಆಟ ಮುಗಿಯುವ ಲಕ್ಷಣವೇ ಇರಲಿಲ್ಲ. ಮೊದಲು ಎಲ್ಲರೆದುರು ಆಡಿದರು, ಆಮೇಲೆ ಖಾಸಗಿಯಾಗಿ. ಚಿತ್ರ ಕಳಿಸುವಂತಿಲ್ಲ, ಅಂಕಿ ಮಾತ್ರ ಎಂದು ಅವಳೇ ಕಟ್ಟು ಹಾಕಿದಳು. ತನ್ನ ಪರದೆಯ ಮೇಲೆ ಗೆರೆಗೆರೆಯಾಗಿ ಮೂಡುತ್ತಿರುವುದೇ ಎಲ್ಲೋ ದೂರದ ಊರಿನಲ್ಲಿ, ಅವನ ಕೋಣೆಯಲ್ಲೂ ಮೂಡುತ್ತಿದೆ ಎಂದು ನೆನೆದರೆ ಅವಳಿಗೆ ಒಳಗೊಳಗೇ ಕಚಗುಳಿಯಾಗುತ್ತಿತ್ತು.

ಅವನು ಲಿಫ್ಟ್ ರಿಪೇರಿಯವನು. "ಇವತ್ತು ಗಂಡ-ಹೆಂಡತಿ ಇಬ್ರು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರು," ಎಂದು ಬರೆಯುತ್ತಿದ್ದ. "ಬಾಗಿಲು ತೆಗೆದ್ರೆ, ಇಷ್ಟು ಬೇಗ ಯಾಕೆ ಬಂದ್ರಿ, ನಮ್ಮ ಜಗಳ ಇನ್ನೂ ಮುಗಿದಿಲ್ಲ ಅಂತ ನನ್ನ ಮೇಲೇ ರೇಗಿದ್ರು."

"ಮತ್ತೆ ಮುಚ್ಬಿಡ್ಬೇಕಿತ್ತು," ಎಂದು ಅವಳು.

"ನಾನೂ ನೀವೂ ಸಿಕ್ಕಿಹಾಕ್ಕೊಂಡ್ರೆ?"

"ರಿಪೇರಿಯವರು ನೀವೇ ತಾನೆ? ತೆಗೀರಿ."

"ಟೂಲ್ಸ್ ಮನೇಲಿ ಬಿಟ್ಟು ಬಂದಿರ್ತೀನಿ."

ಇದನ್ನು ಓದಿದಾಗ ಅವಳ ಕೈಯಲ್ಲಿ ಯಾರದೋ ದವಡೆಯ ಅಚ್ಚಿತ್ತು. ಅದನ್ನು ಹಿಡಿದುಕೊಂಡೇ ಒಬ್ಬಳೇ ಕೆಂಪಾದಳು. ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಆ ಹಲ್ಲು ನಿನಗೇನು ಜೋಕ್ ಹೇಳ್ತಮ್ಮಾ?" ಎಂದರು.

ಅವಳು ತನ್ನ ಕೆಲಸದ ವಿಷಯವನ್ನೂ ಬರೆಯುತ್ತಿದ್ದಳು. ದಿನವಿಡೀ ಬಿಳಿ, ಹಳದಿ ಬೆರೆತ ಬಿಳಿ, ಬೂದು ಬೆರೆತ ಬಿಳಿ ನೋಡಿ ನೋಡಿ ಕಣ್ಣು ಜಡ್ಡುಗಟ್ಟಿದೆ ಎಂದಳು. ಒಂದು ಬಣ್ಣಕ್ಕೆ ಮಾತ್ರ ತಾನು ಬೇಗ ಲ್ಯಾಬಿಗೆ ಹೋಗುತ್ತೇನೆ ಎಂದಳು. ಅಚ್ಚಿಗೆ ಬಳಸುವ ಹಸಿರು ಮೇಣದ ಹಾಳೆಯನ್ನು ಕಿಟಕಿಗೆ ಒರಗಿಸಿಟ್ಟರೆ ಬೆಳಗಿನ ಬಿಸಿಲು ಅದರೊಳಕ್ಕೆ ಇಳಿಯುತ್ತದೆ. ಆಗ ಅಂಚಿನಲ್ಲಿ ಹಸಿರು, ಒಳಗೆ ಜೇನು. "ಪರದೆ ಮೇಲೆ ಎಷ್ಟು ಸಲ ಮಾಡಿದ್ರೂ ಅದು ಬರಲ್ಲ," ಎಂದಳು. ಅವನು ಆ ದಿನ ತಮಾಷೆ ಮಾಡಲಿಲ್ಲ. ಅಂಚಿನ ಹಸಿರು ಗಾಢವೋ ತಿಳಿಯೋ, ಜೇನು ಎಲ್ಲಿಂದ ಶುರುವಾಗುತ್ತದೆ ಎಂದು ಕೆದಕಿ ಕೆದಕಿ ಕೇಳಿದ.

ಅವಳಿದ್ದದ್ದು ಅಕ್ಕ-ಭಾವನ ಮನೆಯ ಹಿಂದಿನ ಕೋಣೆಯಲ್ಲಿ. ಅಕ್ಕನಿಗೆ ಎಲ್ಲವೂ ಗೊತ್ತಾಗುತ್ತಿತ್ತು.

"ಸುರುಳಿ ನೋಡ್ಕೊಂಡು ಯಾರಾದ್ರೂ ಹಿಂಗೆ ನಗ್ತಾರೇನೇ?" ಎಂದಳು ಒಂದು ಸಂಜೆ. "ಇಷ್ಟ ಇದ್ರೆ ಕೇಳ್ಬಿಡು. ಅವನಾಗೇ ಕೇಳ್ಲಿ ಅಂತ ಕೂತ್ರೆ, ಹೆಸರೇ ಬಸವನಹುಳು, ತಲೆ ನರೆಯುತ್ತೆ ನಿಂಗೆ."

ಅಕ್ಕನ ಮಾತು ಚುಚ್ಚಿತು. ಆ ವಾರವೆಲ್ಲ ಕೂತು, ತಾನು ಈವರೆಗೆ ಮಾಡಿದ್ದರಲ್ಲೇ ಚೆಂದದ ಚಿತ್ರವೊಂದನ್ನು ಹುಡುಕಿ ತೆಗೆದಳು: ಎರಡು ನೀಲಿ ಸುರುಳಿಗಳು ಒಂದಕ್ಕೊಂದು ತಾಗಿಯೂ ತಾಗದ ಹಾಗಿದ್ದವು. ಅದರ ಅಂಕಿಗಳ ಕೆಳಗೆ ಎದೆ ಗಟ್ಟಿ ಮಾಡಿಕೊಂಡು ಬರೆದಳು: "ನನಗೆ ನಿಮ್ಮನ್ನ ನೋಡ್ಬೇಕು. ನಿಮಗೂ ಹಾಗೇ ಅನ್ಸಿದ್ರೆ ಒಂದಂಕಿ ಬದಲಿಸಿ ಕಳಿಸಿ. ಬೇಡ ಅನ್ಸಿದ್ರೆ ಹಾಗೇ ಕಳಿಸಿ. ಮಾತಲ್ಲಿ ಮಾತ್ರ ಏನೂ ಹೇಳ್ಬೇಡಿ, ನನ್ನ ಕೈಲಿ ತಡೆಯೋಕಾಗಲ್ಲ."

ಉತ್ತರ ಬರಲು ದಿನಗಳೇ ಹಿಡಿದವು. ಬಂದಾಗ ಅವಳು ಅಂಕಿಗಳನ್ನು ಅಂಟಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗೆರೆಗೆರೆಯಾಗಿ ಚಿತ್ರ ಇಳಿಯಿತು. ಅದೇ ಸುರುಳಿಗಳು, ಅದೇ ನೀಲಿ. ಒಂದೊಂದೇ ಅಂಕಿಯನ್ನು ಬೆರಳಿಟ್ಟು ಹೋಲಿಸಿ ನೋಡಿದಳು, ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಅಂಕಿಗಳ ಕೆಳಗೆ ಅವನು "ನಿಮಗಾಗಿ" ಎಂದಷ್ಟೇ ಬರೆದಿದ್ದ.

ಸಾಕು ಎಂದಿದ್ದಾನೆ. ಅದನ್ನು ಎಷ್ಟು ಮೆತ್ತಗೆ ಹೇಳಿದ್ದಾನೆ ಎಂದುಕೊಂಡು ಅತ್ತಳು.

ಮರುದಿನ ಅವನೇ ಕೇಳಿದ: "ನೋಡಿದ್ರಾ? ಹಿಡಿಸ್ತಾ?"

ಗಾಯಕ್ಕೆ ಉಪ್ಪು ಸವರಿದಂತಾಯಿತು. ಬೇಡ ಎಂದಿದ್ದೂ ಅಲ್ಲದೆ ಹಿಡಿಸಿತಾ ಎಂದು ಬೇರೆ ಕೇಳುತ್ತಾನಲ್ಲ! ಅವಳು "ಹಿಡಿಸಲಿಲ್ಲ" ಎಂದು ಒಂದೇ ಮಾತು ಬರೆದು, ಕೂಟದಿಂದಲೇ ಹೊರಬಂದಳು.

ಹೊರಬಂದದ್ದು ಕೂಟದಿಂದ ಮಾತ್ರ. ಅವನಿಂದ ಹೊರಬರುವ ದಾರಿ ಅವಳಿಗೆ ಸಿಗಲಿಲ್ಲ. ಯಾವುದಾದರೂ ಕಟ್ಟಡದಲ್ಲಿ ಲಿಫ್ಟಿಗೆ 'ರಿಪೇರಿಯಲ್ಲಿದೆ' ಎಂದು ಚೀಟಿ ಅಂಟಿಸಿದ್ದರೆ, ಅವಳು ಮೆಟ್ಟಿಲು ಹತ್ತದೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದಳು. ಅಕ್ಕ ಒಂದೆರಡು ಸಂಬಂಧ ತಂದಳು. ಇವಳು ಒಬ್ಬನ ನಗು ಸರಿಯಿಲ್ಲ ಎಂದಳು, ಇನ್ನೊಬ್ಬನ ಹಲ್ಲು ಅತಿಯಾಗಿ ಸರಿಯಿದೆ ಎಂದಳು.

ಎರಡು ವರ್ಷದ ಮೇಲೆ ಕೂಟದವರು ಚಿತ್ರಗಳನ್ನು ಅಚ್ಚು ಹಾಕಿಸಿ ಪ್ರದರ್ಶನ ಇಟ್ಟರು. ಹಳಬರಿಗೂ ಕರೆ ಬಂತು.

"ಆ ಹುಳು ಬರ್ತಾನೇನೇ?" ಎಂದಳು ಅಕ್ಕ.

"ಬರ್ಲಿ, ಬಿಡ್ಲಿ, ನನಗೇನು?" ಎಂದವಳು ಅಂಗಿಯನ್ನು ಮತ್ತೆ ಮತ್ತೆ ಬದಲಿಸಿ ಬಸ್ಸು ತಪ್ಪಿಸಿಕೊಂಡಳು. ಮುಂದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ: ದೂರದಿಂದ ಒಂದು ಸಲ ಮುಖ ನೋಡುವುದು, ಅಷ್ಟೇ, ಬಂದುಬಿಡುವುದು. ಅಷ್ಟೇ ಅಲ್ಲ ಎಂದು ಅವಳಿಗೂ ಗೊತ್ತಿತ್ತು. ಎದುರಿಗೆ ಕಂಡರೆ ಅವನ ಮನಸ್ಸು ಬದಲಾಗಬಹುದೆಂಬ ಹುಚ್ಚು ಆಸೆ ಎದೆಯಲ್ಲಿ ಕೂತೇ ಇತ್ತು.

ಉದ್ದನೆಯ ಹಜಾರ, ಬಿಳಿ ಗೋಡೆ. ಬಾಗಿಲಲ್ಲಿ ಕೂಟದಲ್ಲಿನ ಅಡ್ಡಹೆಸರು ಬರೆದ ಬಿಲ್ಲೆ ಕೊಟ್ಟರು. ಅವಳು ಅದನ್ನು ಚೀಲದೊಳಕ್ಕೆ ಹಾಕಿಕೊಂಡಳು. ಗೋಡೆಯುದ್ದಕ್ಕೂ ನೋಡುತ್ತಾ ಬಂದವಳು ಒಂದು ಚಿತ್ರದ ಮುಂದೆ ನಿಂತುಬಿಟ್ಟಳು.

ಎರಡು ಸುರುಳಿಗಳು, ತಾಗಿಯೂ ತಾಗದ ಹಾಗೆ. ಅವಳದೇ ಚಿತ್ರ. ಆದರೆ ನೀಲಿಯ ಬದಲು ಅಂಚಿನಲ್ಲಿ ಹಸಿರು, ಒಳಗೆ ಜೇನು. ಹಸಿರು ಎಲ್ಲಿ ಮುಗಿದು ಜೇನು ಎಲ್ಲಿ ಶುರುವಾಯಿತೆಂದು ಹೇಳಲು ಬಾರದ ಹಾಗೆ, ಥೇಟ್ ಅವಳ ಕಿಟಕಿಯ ಮೇಣ. ಕೆಳಗಿನ ಚೀಟಿಯಲ್ಲಿ 'ಬಸವನಹುಳು' ಎಂದಿತ್ತು.

"ಚೆನ್ನಾಗಿದೆ ಅಲ್ವಾ?" ಎಂದು ಪಕ್ಕದಲ್ಲಿ ಒಬ್ಬ ಹೆಂಗಸು ನಕ್ಕಳು. ಅಂಗಿಯ ತೋಳು ಮಡಚಿದ್ದಳು, ಕೈಯಲ್ಲಿ ಮೊಳೆಗಳ ಡಬ್ಬಿ ಇತ್ತು. "ಪ್ರಿಂಟ್ ತೆಗೆದಿದ್ದು ನಾನೇ. ನಮ್ದು ಪ್ರಿಂಟಿಂಗ್ ಅಂಗಡಿ."

"ಬಣ್ಣ..." ಎಂದಳು ಅವಳು.

"ಅದೇ ದೊಡ್ಡ ಕತೆ! ಯಾರೋ ಒಬ್ಬಳಿಗೆ ಅಂತ ಈ ಬಣ್ಣ ಮಾಡಿದ್ರಂತೆ, ಊಟ-ನಿದ್ದೆ ಬಿಟ್ಟು. ಅವಳು 'ಹಿಡಿಸಲಿಲ್ಲ' ಅಂದ್ಲಂತೆ. ಎಂಥ ಕಣ್ಣಪ್ಪ ಅವಳದು! ಅಳಿಸಿಬಿಡೋಕ್ಮುಂಚೆ ಒಂದ್ಸಲ ಕಾಗದದ ಮೇಲೆ ನೋಡ್ತೀನಿ ಅಂತ ನಮ್ಮ ಅಂಗಡಿಗೆ ತಂದ್ರು. ಒಂದ್ಸಲಕ್ಕೆ ಬಣ್ಣ ಸರಿ ಬರ್ಲಿಲ್ಲ, ಇನ್ನೊಂದ್ಸಲ ಬಂದ್ರು. ನಂಗೆ ಮೊದಲು ಹಿಡಿಸಿದ್ದು ಈ ಚಿತ್ರ, ಇವರು ಆಮೇಲೆ." ಅವಳು ಜೋರಾಗಿ ನಕ್ಕಳು. "ಬಂದು ಬಂದು, ಈಗ ನಮ್ಮನೇಲೇ ಬಂದು ಕೂತಿದಾರೆ. ಮದುವೆಯಾಗಿ ವರ್ಷ ಆಯ್ತು."

ಅಷ್ಟರಲ್ಲಿ ಆ ಕೊನೆಯಿಂದ ಯಾರೋ ಫ್ರೇಮು ವಾಲಿದೆ ಎಂದು ಕೂಗಿದರು. ಹೆಂಗಸು ಸ್ಟೂಲು ಎತ್ತಿಕೊಂಡು ಓಡಿದಳು.

ಇವಳು ಮತ್ತೆ ಚಿತ್ರದತ್ತ ತಿರುಗಿದಳು. ಏನು ನಡೆದಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ. ತಾವೇ ಮಾಡಿದ ಬಣ್ಣ ಅಂಕಿಗಳ ಜೊತೆ ಹೋಗುವುದಿಲ್ಲ. ಅದು ಬೇರೆಯೇ ಫೈಲು, ಬೇರೆಯಾಗಿ ಲಗತ್ತಿಸಬೇಕು. ಮರೆತರೆ ಕಂಪ್ಯೂಟರು ತುಟಿಪಿಟಕ್ಕೆನ್ನದೆ ಪಡೆದವರಲ್ಲಿರುವ ಬಣ್ಣವನ್ನೇ ಬಳಿದುಬಿಡುತ್ತದೆ. ಕೂಟಕ್ಕೆ ಹೊಸದಾಗಿ ಬಂದವರೆಲ್ಲ ಮಾಡುವ ತಪ್ಪು, ಎಲ್ಲರೂ ನಗುವ ತಪ್ಪು. ಅಂಕಿ ಮಾತ್ರ, ಚಿತ್ರ ಬೇಡ ಎಂದು ಕಟ್ಟು ಹಾಕಿದವಳು ಅವಳೇ.

"ಆ ಚಿತ್ರಕ್ಕೆ ಸ್ವಲ್ಪ ದೂರ ನಿಂತ್ರೆ ಚೆನ್ನಾಗಿ ಕಾಣ್ಸುತ್ತೆ," ಎಂದಿತು ಒಂದು ದನಿ.

ಎರಡು ಕೈಯಲ್ಲೂ ಟೀ ಕಪ್ಪು ಹಿಡಿದು ನಿಂತಿದ್ದ. ಅವಳಂದುಕೊಂಡಷ್ಟು ಎತ್ತರವಿರಲಿಲ್ಲ. ಉಗುರಿನ ಸಂದಿನಲ್ಲಿ ಗ್ರೀಸು. ತಮಾಷೆ ಈಗಷ್ಟೇ ಮುಗಿದ ಹಾಗೆ ಕಣ್ಣಂಚಿನಲ್ಲಿ ನೆರಿಗೆ. ಈ ಮುಖವನ್ನು ತಾನು ದಿನಾ ನೋಡುತ್ತಿರಬಹುದಿತ್ತು ಎಂದುಕೊಂಡಳು.

"ಕೂಟದವರಾ? ಏನು ಹೆಸರು ನಿಮ್ದು?"

ಸುಳ್ಳು ಹೇಳಿ ಹೊರಟುಬಿಡಬಹುದಿತ್ತು. ಬಾಯಿ ಕೇಳಲಿಲ್ಲ.

"ಜಿಪುಣಿ."

ಅವನು ಅವಳ ಕಣ್ಣು ನೋಡಿದ, ಹಣೆ ನೋಡಿದ, ಮತ್ತೆ ಕಣ್ಣು ನೋಡಿದ. ಇಷ್ಟು ವರ್ಷದ್ದನ್ನು ಒಂದೇ ಸಲಕ್ಕೆ ನೋಡಿ ಮುಗಿಸಬೇಕೆನ್ನುವ ಹಾಗೆ ನೋಡಿದ.

"ಹಿಡಿಸಲಿಲ್ಲ ಅಂದಿದ್ರಿ," ಎಂದ.

"ಇದನ್ನ ನಾನು ನೋಡ್ತಿರೋದೇ ಇವತ್ತು."

"ಕಳಿಸಿದ್ನಲ್ಲ!"

"ಅಂಕಿ ಬಂತು. ಬಣ್ಣ ಬರ್ಲಿಲ್ಲ. ಫೈಲ್ ಇರ್ಲಿಲ್ಲ ಅದ್ರಲ್ಲಿ."

ಅರ್ಥವಾಗುತ್ತಾ ಹೋದ ಹಾಗೆ ಅವನ ಮುಖದ ರಕ್ತ ಇಳಿಯುತ್ತಾ ಹೋಯಿತು.

"ಹಾಗಾದ್ರೆ ನಿಮಗೆ..."

"ಹಾಗೇ ಬಂತು. ನನ್ನ ಚಿತ್ರ, ನನ್ನ ನೀಲಿ. ಬೇಡ ಅಂದಿದೀರಿ ಅಂದ್ಕೊಂಡೆ."

"ಒಂದೇ ಅಂಕಿ ಬದಲಿಸಿ ಹೂಂ ಅನ್ನೋದು ಏನೂ ಸಾಲದು ಅನ್ನಿಸ್ತು," ಎಂದ. "ಅಂಕಿ ನಿಮ್ದೇ ಇರ್ಲಿ, ಬಣ್ಣ ಪೂರ್ತಿ ಬದಲಿಸಿ ಹೇಳೋಣ ಅಂತ... ಬಂದಿದ್ರೆ? ಬಣ್ಣ ಬಂದಿದ್ರೆ ಏನು ಹೇಳ್ತಿದ್ರಿ?"

ನಕ್ಕು, ಏನೋ ಚೇಷ್ಟೆಗೆ ಕೇಳಿದ್ದೆ ಬಿಡಿ ಎನ್ನಬೇಕೆಂದು ಅವಳು ಮಾತನ್ನು ಸಿದ್ಧಮಾಡಿಕೊಂಡಿದ್ದಳು. ಆ ಹಸಿರಿನ ಮುಂದೆ ನಿಂತು ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಮಾರನೇ ದಿನದ ಬಸ್ಸಿಗೇ ಬಂದುಬಿಡ್ತಿದ್ದೆ. ನಿಮ್ಮನ್ನ ಬಿಟ್ರೆ ನನಗೆ ಇನ್ಯಾರೂ ಬೇಕಿರ್ಲಿಲ್ಲ. ಈಗ್ಲೂ ಬೇಡ."

ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಈಗ ಏನು ಮಾಡೋದು?" ಎಂದ.

ಅವಳು ಹಜಾರದ ಆ ಕೊನೆಗೆ ನೋಡಿದಳು. ಹೆಂಗಸು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ತುಟಿಯ ನಡುವೆ ಮೊಳೆ ಕಚ್ಚಿ ಹಿಡಿದು, ವಾಲಿದ ಫ್ರೇಮನ್ನು ನೇರ ಮಾಡುತ್ತಿದ್ದಳು. ಅವಳ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟು ಬರಲಿಲ್ಲ.

"ಟೀ ಆರ್ತಿದೆ," ಎಂದಳು. "ಅವರಿಗೆ ಕೊಟ್ಬನ್ನಿ."

ಅವನು ಹೋದ. ಕಪ್ಪುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೆಂಡತಿಗೆ ಏನೋ ಹೇಳಿದ. ಅವಳು ತಿರುಗಿ ನೋಡದೆಯೇ, ಸ್ಟೂಲು ಹಿಡ್ಕೊಳ್ಳಿ ಎಂದು ಕೈ ಮಾಡಿದಳು.

ಅವನು ಹಿಂದಿರುಗುವ ಮೊದಲೇ ಹೊರಟುಬಿಡಬೇಕೆಂದು ಇವಳಿಗೆ ಗೊತ್ತಿತ್ತು. ಆದರೂ ನಿಂತಳು. ಅವನು ಬರಲಿಲ್ಲ. ಎರಡೂ ಕೈಯಲ್ಲಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದು, ಇತ್ತ ಬೆನ್ನು ಹಾಕಿ ನಿಂತಿದ್ದ. ಸ್ಟೂಲು ಒಂದಿಷ್ಟೂ ಅಲುಗುತ್ತಿರಲಿಲ್ಲ. ಅವನ ಹೆಗಲು ಮಾತ್ರ ಅಲುಗುತ್ತಿತ್ತು. ಅವಳು ಅದನ್ನು ನೋಡುವಷ್ಟು ಹೊತ್ತು ನೋಡಿ, ಮೆಟ್ಟಿಲಿಳಿದು ಬಸ್ಸಿಗೆ ಹೋದಳು.