ತೆರೆಯ ಮೇಲಿಲ್ಲದ ಹೆಜ್ಜೆ

ಟಕ್... ಸರ್ರ್... ಟಕ್... ಸರ್ರ್...

ಅವಳ ಬೆನ್ನಲ್ಲಿ ಚಳಿ ಹುಟ್ಟಿತು.

ತೆರೆಯ ಮೇಲೆ ಯಾರೂ ನಡೆಯುತ್ತಿರಲಿಲ್ಲ. ಕಾಡಿನ ತೊರೆಯ ಪಕ್ಕ ಹೀರೋ ಸತ್ತು ಬಿದ್ದಿದ್ದ, ಕ್ಯಾಮೆರಾ ಮೆಲ್ಲಗೆ ಹಿಂದೆ ಸರಿಯುತ್ತಿತ್ತು, ಅಷ್ಟೇ. ಆದರೆ ಹೆಡ್‌ಫೋನಿನೊಳಗೆ ಯಾರೋ ಒಣ ಎಲೆ ತುಳಿದು ಬರುತ್ತಿದ್ದರು. ಬಲಗಾಲು ಊರಿ, ಎಡಗಾಲು ಎಳೆದು. ಹತ್ತಿರ... ಇನ್ನೂ ಹತ್ತಿರ... ಸರಿಯಾಗಿ ಅವಳ ಕಿವಿಯ ಹಿಂದೆ ಬಂದು ನಿಂತರು. ಆಮೇಲೆ ಒಂದು ಉಸಿರು.

ಅವಳು ತಿರುಗಿ ನೋಡಿದಳು. ಕಿಟಕಿಯಿಲ್ಲದ ಸ್ಟುಡಿಯೋ. ಎಲೆ ತುಂಬಿದ ತೊಟ್ಟಿ, ಜಲ್ಲಿ ತುಂಬಿದ ತೊಟ್ಟಿ, ಗೋಡೆಯುದ್ದಕ್ಕೂ ಸಾಲಾಗಿ ಚಪ್ಪಲಿ, ಬೂಟುಗಳು. ಬೇರೆ ಯಾರೂ ಇರಲಿಲ್ಲ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕತ್ತಲು.

ಸಿನಿಮಾದಲ್ಲಿ ಯಾರು ನಡೆದರೂ ಓಡಿದರೂ ಆ ಹೆಜ್ಜೆಯ ಸದ್ದು ಮಾಡುವುದು ಅವಳ ಕೆಲಸ. ತಕ್ಕ ಬೂಟು ಹಾಕಿಕೊಂಡು, ತೆರೆ ನೋಡುತ್ತ, ತೊಟ್ಟಿಯಲ್ಲಿ ನಡೆಯಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸದ್ದಮ್ಮ. ಈ ಹೆಜ್ಜೆ ಮಾತ್ರ ಅವಳು ಮಾಡಿದ್ದಲ್ಲ. ಆದರೂ ಯಾರದೆಂದು ಚೆನ್ನಾಗಿ ಗೊತ್ತಿತ್ತು. ಆರು ವರ್ಷದ ಹಿಂದೆ ಸಂಜೆಯಾದರೆ ಇದೇ ಹೆಜ್ಜೆ ಅವಳ ಮನೆಯ ಮೆಟ್ಟಿಲು ಹತ್ತುತ್ತಿತ್ತು.

ಆ ಹೆಜ್ಜೆಯವನು ಸತ್ತಿದ್ದ.

ಚಿರತೆಗಳನ್ನು ಉರುಳಿನಿಂದ ಬಿಡಿಸುತ್ತ ಕಾಡಲ್ಲೇ ಬದುಕಿದ ಒಬ್ಬನ ನಿಜವಾದ ಕಥೆ ಎಂದು ಡೈರೆಕ್ಟರ್ ಮೊದಲ ದಿನ ಅವನ ಹೆಸರು ಹೇಳಿದಾಗಲೇ ಅವಳ ಎದೆ ಧಸಕ್ಕೆಂದಿತ್ತು. ಅವಳ ಕಾಡುಪಾಪ! ರಾತ್ರಿಯೆಲ್ಲ ಅಗಲ ಕಣ್ಣು ಬಿಟ್ಟುಕೊಂಡು ಕೂರುವವನಿಗೆ ಅವಳೇ ಇಟ್ಟ ಹೆಸರು. ನಾಲ್ಕು ತಿಂಗಳಲ್ಲಿ ಬರ್ತೀನಿ, ಮದುವೆಯಾಗೋಣ ಎಂದು ಹೋದವನು ಬರಲೇ ಇಲ್ಲ. ಫೋನಿಲ್ಲ, ಪತ್ರವಿಲ್ಲ. ನನಗಿಂತ ಕಾಡೇ ಹೆಚ್ಚಾಯಿತಲ್ಲ ಎಂದು ಇವಳೂ ಬಿಗುಮಾನ ಹಿಡಿದು ಕೂತಳು. ಮೊಂಡುತನದಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ಕಮ್ಮಿಯಿಲ್ಲ ಬಿಡಿ.

ಮೂರು ದಿನದ ಹಿಂದೆ ಈ ಕೊನೆಯ ದೃಶ್ಯ ನೋಡಿ, ಸಿನಿಮಾದ ಸದ್ದುಗಳನ್ನೆಲ್ಲ ಒಟ್ಟಿಗೆ ಬೆರೆಸುವ ಮಿಕ್ಸಿಂಗ್ ಅಣ್ಣನನ್ನು ಕೇಳಿದ್ದಳು. "ಅಣ್ಣಾ, ಆ ಮನುಷ್ಯ ಹೀಗೇ ಹೋಗಿಬಿಟ್ರಾ?"

ಅಣ್ಣ ಪರದೆಯಿಂದ ಕಣ್ಣು ಕೀಳದೆ, "ನಿಜವಾದ ಕಥೆ ಅಲ್ವೇನಮ್ಮ," ಎಂದಿದ್ದ.

ಅಷ್ಟನ್ನೇ ನಂಬಿ ಅವಳು ಮೂರು ದಿನ ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಈಗ ಈ ಸದ್ದು. ತಾನು ಮಾಡಿದ ಸದ್ದನ್ನೆಲ್ಲ ನಿಲ್ಲಿಸಿ, ಶೂಟಿಂಗ್ ದಿನ ಕಾಡಿನಲ್ಲಿ ಮೈಕಿಗೆ ಬಿದ್ದದ್ದನ್ನಷ್ಟೇ ಮೊದಲಿನಿಂದ ಹಾಕಿ ಕೇಳಿದಳು. ಹೀರೋ ನಡೆದ ಕಡೆಯೆಲ್ಲ ಹಿಂದೆ ಇನ್ನೊಂದು ಹೆಜ್ಜೆ. ಹೀರೋ ನಿಂತರೆ ಅದೂ ನಿಲ್ಲುತ್ತಿತ್ತು. ಹೀರೋ ಸತ್ತ ಮೇಲೂ ಅದು ನಡೆಯುತ್ತಿತ್ತು.

'ಕಾಡು ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ವೇನೋ ನಿನಗೆ... ಸತ್ತ ಮೇಲೂ?'

ಬಾಗಿಲು ತೆರೆಯಿತು. ಅವಳು ಕಿಟಾರನೆ ಕಿರುಚಿದಳು. ಬಂದದ್ದು ಮಿಕ್ಸಿಂಗ್ ಅಣ್ಣ.

"ದೆವ್ವ ನೋಡ್ದವಳ ಹಾಗೆ ಯಾಕಮ್ಮ ಕಿರುಚ್ತೀಯ? ಕೊನೇ ಸೀನಲ್ಲಿ ಹಿಂದೆ ಏನೋ ಸರಸರ ಅಂತಿದೆ, ಅಳಿಸ್ಬಿಡು. ನಾಲ್ಕಕ್ಕೆ ಡೈರೆಕ್ಟರ್ ಬರ್ತಾರೆ, ಇವತ್ತೇ ಫೈನಲ್."

ಅವನು ಹೋದ. ಗಂಟೆ ಮೂರೂವರೆ. ಒಂದು ಗುಂಡಿ ಒತ್ತಿದರೆ ಸಾಕಿತ್ತು. ಬೆರಳೇನೋ ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ಅವನ ಒಂದು ಫೋಟೋ ಕೂಡ ಅವಳ ಹತ್ತಿರ ಇರಲಿಲ್ಲ; ಕೋಪದಲ್ಲಿ ಎಲ್ಲ ಹರಿದು ಹಾಕಿದ್ದಳು. ಅವನದೆಂದು ಉಳಿದದ್ದು ಈ ಹೆಜ್ಜೆಗಳಷ್ಟೇ. ಕೆಲಸ ಹೋದರೆ ಹೋಗಲಿ, ಅಳಿಸುವುದಿಲ್ಲ ಎಂದು ಯಂತ್ರ ಆರಿಸಿ ಹೆಡ್‌ಫೋನು ಮೇಜಿನ ಮೇಲಿಟ್ಟಳು.

ಟಕ್... ಸರ್ರ್...

ಅವಳು ಯಂತ್ರದ ಕಡೆ ನೋಡಿದಳು. ದೀಪ ಆರಿತ್ತು.

ಟಕ್... ಸರ್ರ್... ಟಕ್... ಸರ್ರ್...

ಸದ್ದು ಕಾರಿಡಾರಿನಲ್ಲಿ ಹತ್ತಿರ ಬಂತು. ಬಾಗಿಲ ಆಚೆ ನಿಂತಿತು. ಒಂದು ಉಸಿರು.

"ಒಳಗೆ ಯಾರಾದ್ರೂ ಇದ್ದೀರಾ? ಡೈರೆಕ್ಟರ್ ನಾಲ್ಕಕ್ಕೆ ಬರೋಕೆ ಹೇಳಿದ್ರು..."

ಬಾಗಿಲು ತೆರೆಯಿತು. ಅವನ ಕೂದಲು ಅಲ್ಲಲ್ಲಿ ನರೆತಿತ್ತು. ಕಣ್ಣು ಮಾತ್ರ ಅದೇ ಕಾಡುಪಾಪದ ಕಣ್ಣು. ಅವಳನ್ನು ಕಂಡು ಅವನೂ ಹೊಸ್ತಿಲಲ್ಲೇ ಕಲ್ಲಾಗಿ ನಿಂತ.

ಅವಳು ಹೋಗಿ ಅವನ ಕೈ ಮುಟ್ಟಿದಳು. ಬೆಚ್ಚಗಿತ್ತು.

"ನೀನು ಸತ್ತುಹೋಗಿದ್ದೀಯ," ಎಂದಳು.

"ಅದು ಡೈರೆಕ್ಟರ್ ಮಾಡಿದ ಕೆಲಸ. ನಾನು ಬದುಕಿ ಉಳಿದ್ರೆ ಜನ ಅಳಲ್ವಂತೆ."

"ಮತ್ತೆ ಆ ಹೆಜ್ಜೆ? ಸಿನಿಮಾ ತುಂಬ ಇದೆಯಲ್ಲ?"

"ಶೂಟಿಂಗ್‌ನೋರು ಕಾಡಲ್ಲಿ ದಾರಿ ತಪ್ಪಬಾರ್ದು ಅಂತ ನಾನೂ ಹೋಗಿದ್ದೆ. ಕ್ಯಾಮೆರಾ ಹಿಂದೆ ನಡೀತಿದ್ದೆ. ಹೀರೋ ಕುಂಟೋದು ಬೇಡ ಅಂದ್ರು, ನನಗೆ ಅದು ತಪ್ಪುತ್ತಾ?"

ಭಯ ಇಳಿದ ಜಾಗಕ್ಕೆ ಆರು ವರ್ಷದ ಸಿಟ್ಟು ಉಕ್ಕಿ ಬಂತು. ಅವನ ಎದೆಗೆ ಎರಡು ಗುದ್ದಿದಳು. "ನಾಲ್ಕು ತಿಂಗಳು ಅಂದಿದ್ದೆ ನೀನು."

"ಬಂದಿದ್ದೆ." ಅವನ ದೃಷ್ಟಿ ಗೋಡೆಯ ಕಡೆಗಿದ್ದ ಒಂದು ಜೊತೆ ಕಂದು ಬೂಟಿನ ಮೇಲೆ ನೆಟ್ಟಿತ್ತು. "ನಿನ್ನ ಬಾಗಿಲವರೆಗೂ ಬಂದಿದ್ದೆ. ನಿನ್ನ ಚಪ್ಪಲಿ ಪಕ್ಕ ಆ ಬೂಟು ಒಣಗ್ತಿತ್ತು. ಗಂಡಸಿನದು. ಗುರುತು ನೋಡಿ ಯಾವ ಪ್ರಾಣಿ ಜೋಡಿಯಾಗಿದೆ ಅಂತ ಹೇಳೋದೇ ನನ್ನ ಕೆಲಸ ಅಲ್ವಾ... ವಾಪಸ್ ಹೋದೆ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಅದು ನಾನು ಈ ಕೆಲಸಕ್ಕೆ ಸೇರಿದಾಗ ಕೊಂಡಿದ್ದು ಕಣೋ. ಗಂಡಸರ ಹೆಜ್ಜೆಗೆ ನಾನೇ ಹಾಕ್ಕೊಳ್ಳೋದು. ಬೆಲ್ ಒತ್ತೋಕೆ ಏನಾಗಿತ್ತು ನಿನಗೆ?"

"ಚಿರತೆ ಗುಹೆಗೆ ಬೆಲ್ ಇರಲ್ಲ."

"ಚಿರತೆ ಬೂಟೂ ಹಾಕಲ್ಲ."

ಅವನು ಬೂಟು ಎತ್ತಿಕೊಂಡು ಅಭ್ಯಾಸಬಲದಿಂದ ತಿರುಗಿಸಿ ಅಡಿಭಾಗ ನೋಡಿದ. ನಂಬರ್ ನೋಡಿ ಹುಬ್ಬು ಗಂಟಿಕ್ಕಿದ.

"ಇದು ನನ್ನ ಅಳತೆ."

"ಅಂಗಡಿಯವನು ಯಾವ ನಂಬರ್ ಅಂತ ಕೇಳ್ದ. ನನಗೆ ಗೊತ್ತಿದ್ದದ್ದು ಅದೊಂದೇ."

ಅವನ ಬೆರಳು ಎಡಗಾಲಿನ ಬೂಟಿನ ತುದಿಗೆ ಬಂದು ನಿಂತಿತು. ಬಲಗಾಲಿನದು ಗಟ್ಟಿಯಾಗಿತ್ತು, ಎಡಗಾಲಿನದು ಸವೆದು ತೂತು ಬೀಳುವಂತಿತ್ತು. "ಇದನ್ನ ಹಾಕ್ಕೊಂಡು ಯಾರೋ ಎಡಗಾಲು ಎಳೆದು ನಡೆದಿದ್ದಾರೆ... ತುಂಬ ದಿನ."

ಈ ಸಲ ಅವನು ಗುರುತನ್ನು ಸರಿಯಾಗಿ ಓದಿದ್ದ.

"ಎಲ್ಲರೂ ಮನೆಗೆ ಹೋದ ಮೇಲೆ ನಾನೇ ಎಲೆ ತೊಟ್ಟೀಲಿ ನಡೀತಿದ್ದೆ," ಎಂದಳು ತಲೆ ತಗ್ಗಿಸಿ. "ನೀನು ಬರೋ ಸದ್ದು ಕೇಳ್ಬೇಕು ಅನ್ನಿಸ್ತಿತ್ತು."

ಬೂಟು ಹಿಡಿದ ಕೈಯಲ್ಲೇ ಅವನು ಅವಳನ್ನು ಬಳಸಿ ಎದೆಗೆ ಒತ್ತಿಕೊಂಡ.

"ಇನ್ಮೇಲೆ ನೀನು ನಡೀಬೇಡ. ನಾನೇ ಬರ್ತೀನಿ."

"ಬೆಲ್ ಒತ್ತಿ ಬಾ," ಎಂದಳು ಅವಳು.