ಜಾಡಿನ ಬುಡಕ್ಕೆ ಎರಡು ಸೊನ್ನೆ

"ನಿಮ್ಮ ಬ್ರೇಕ್ ಕೋಡ್ ಸ್ವಲ್ಪ ನೋಡ್ಬೇಕಿತ್ತು," ಎಂದು ಅವನು ಬಂದು ನಿಂತಾಗ ಅವಳಿಗೆ ಮೈಯೆಲ್ಲ ಉರಿಯಿತು.

"ಎಲ್ಲರೂ ನೋಡಿಯಾಯ್ತು. ನೀವೂ ಒಂದು ಕಲ್ಲು ಹಾಕಿ ಹೋಗಿ!"

ಲಿಫ್ಟ್ ಕಂಟ್ರೋಲರ್ ತಯಾರಿಸುವ ಕಂಪನಿ ಅದು. ಪರೀಕ್ಷೆಯ ಲಿಫ್ಟು ಆಗಾಗ ಮಹಡಿಗಳ ನಡುವೆಯೇ ನಿಂತುಬಿಡುತ್ತಿತ್ತು. ಪ್ರೋಗ್ರಾಂ ಸತ್ತ ಗಳಿಗೆಯಲ್ಲಿ ಯಾವ ಫಂಕ್ಷನ್ನನ್ನು ಯಾವುದು ಕರೆದಿತ್ತು ಎಂಬ ಜಾಡು, ಅಂದರೆ ಬ್ಯಾಕ್‌ಟ್ರೇಸ್, ತೆಗೆದು ನೋಡಿದರೆ ಬುಡದಲ್ಲಿ ಅವಳ ಬ್ರೇಕ್ ಫಂಕ್ಷನ್ನು. "ಎಲ್ಲ ಶುರುವಾಗೋದೇ ನಿನ್ನಿಂದ," ಎಂದು ಮ್ಯಾನೇಜರ್ ಅವಳ ಕೆಲಸವನ್ನು ಬೇರೆಯವರಿಗೆ ಕೊಡಲು ಹೊರಟಿದ್ದರು. ಈಗ ಈ ಹೊಸಬ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತಿದ್ದ ಅವನನ್ನು ಆಫೀಸೆಲ್ಲ ಮೌನಿ ಎನ್ನುತ್ತಿತ್ತು.

ಮೌನಿ ಕುರ್ಚಿ ಎಳೆದುಕೊಂಡ. "ನಿಮ್ಮ ಕೋಡ್ ಸರಿ ಇದೆ. ಜಾಡೇ ಸುಳ್ಳು ಹೇಳ್ತಿದೆ ಅನ್ಸುತ್ತೆ."

ಅವಳು ಆಗಲೇ ಅವನ ಮುಖವನ್ನು ಸರಿಯಾಗಿ ನೋಡಿದ್ದು. ಕನ್ನಡಕದ ಹಿಂದೆ ಕಣ್ಣುಗಳು ನಾಚಿ ಸ್ಕ್ರೀನಿನತ್ತ ಓಡಿದವು.

ಮಧ್ಯಾಹ್ನವಿಡೀ ಭುಜಕ್ಕೆ ಭುಜ ತಾಗದಷ್ಟೇ ದೂರದಲ್ಲಿ ಕೂತು ಹುಡುಕಿದರು. ಪ್ರೋಗ್ರಾಮಿನೊಳಗೆ ಬೇರೆಬೇರೆಯಾಗಿ ಓಡುವ ಪ್ರತಿ ಹೊಸ ಕೆಲಸಕ್ಕೂ, ಅಂದರೆ ಟಾಸ್ಕಿಗೂ, ಸ್ಟ್ಯಾಕ್ ಎಂದು ಒಂದು ತುಂಡು ಮೆಮೊರಿ ಸಿಗುತ್ತಿತ್ತು. ಅದನ್ನು ಯಾರೂ ಒರೆಸುತ್ತಿರಲಿಲ್ಲ. ಲಿಫ್ಟು ಚಾಲೂ ಆಗುವಾಗ ಅವಳ ಬ್ರೇಕ್ ಫಂಕ್ಷನ್ನು ಮೊದಲು ಅದೇ ಜಾಗವನ್ನು ಬಳಸಿ, ತನ್ನ ವಿಳಾಸವನ್ನು ಅಲ್ಲೇ ಬಿಟ್ಟು ಹೋಗಿತ್ತು.

"ಮೊದಲ ಫಂಕ್ಷನ್ನಿನ ಹಿಂದೆ ಯಾರೂ ಇಲ್ಲ ಅಂತ ನಾವು ಎಲ್ಲೂ ಬರೆದೇ ಇಲ್ಲ," ಎಂದಳು ಅವಳು. "ಪಾಪ, ಜಾಡು ಹಳೇ ಕಸವನ್ನೇ ವಿಳಾಸ ಅಂದ್ಕೊಂಡು ನನ್ನ ಮನೆ ಬಾಗಿಲಿಗೆ ಬಂದಿದೆ."

ಟಾಸ್ಕ್ ಹುಟ್ಟುವ ಮುನ್ನವೇ ಸ್ಟ್ಯಾಕಿನ ಬುಡದಲ್ಲಿ ಎರಡು ಸೊನ್ನೆ ಇಟ್ಟಳು: ಹಿಂದೆ ಕರೆದವರ ದಾಖಲೆ, ಅಂದರೆ ಫ್ರೇಮ್, ಇಲ್ಲ; ಮರಳುವ ವಿಳಾಸವೂ ಇಲ್ಲ. ಮರುದಿನ ಲಿಫ್ಟು ಮತ್ತೆ ನಿಂತಿತು. ಜಾಡು ಈ ಸಲ ಬಾಗಿಲ ಸೆನ್ಸರಿನ ಟಾಸ್ಕಿನ ಬುಡಕ್ಕೆ ಬಂದು, ಸೊನ್ನೆ ಕಂಡು, ಅಲ್ಲೇ ನಿಂತಿತು. ತಪ್ಪು ಸೆನ್ಸರಿನ ಕೋಡಿನದೇ.

ಮ್ಯಾನೇಜರ್ ಕ್ಷಮೆ ಕೇಳಿದರು. ಅವಳ ಕೆಲಸ ಅವಳಿಗೇ ಉಳಿಯಿತು. ಆದರೂ ಅವಳಿಗೆ ಸಮಾಧಾನವಿಲ್ಲ. ಸಂಜೆ ಮೆಟ್ಟಿಲ ಬಳಿ ಅವನನ್ನು ತಡೆದಳು.

"ಎಲ್ಲರೂ ಜಾಡನ್ನ ನಂಬಿದ್ರು. ನೀವ್ಯಾಕೆ ನನ್ನ ನಂಬಿದ್ರಿ?"

ಮೌನಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ಸೇರಿದಾಗಿನಿಂದ ನಿಮ್ಮ ಕೋಡ್ ಓದ್ತಿದ್ದೀನಿ. ಪ್ರತಿ ಸುರಕ್ಷತಾ ಚೆಕ್ಕಿನ ಮೇಲೂ 'ಲಿಫ್ಟೊಳಗೆ ಯಾರೋ ನಿಂತಿರ್ತಾರೆ' ಅಂತ ಬರೆದಿದ್ದೀರಿ. ಹಾಗೆ ಬರೆಯೋರು ಕಣ್ಮುಚ್ಚಿ ಕೆಲಸ ಮಾಡಲ್ಲ."

ಅದನ್ನು ಈವರೆಗೆ ಯಾರೂ ಓದಿರಲಿಲ್ಲ. ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಬರೀ ಕೋಡ್ ಓದಿದ್ದಾ?"

"ಮೊದಲು ಕೋಡೇ." ಅವನ ಕಿವಿ ಕೆಂಪಾಯಿತು. "ಆಮೇಲೆ… ನೀವಂದ್ರೆ ನಂಗೆ ಇಷ್ಟ."

"ಅಬ್ಬಾ, ಮೌನಿ ಬಾಯಿ ಬಿಟ್ರು!" ಎಂದು ನಕ್ಕವಳ ಕಣ್ಣು ಒದ್ದೆಯಾಗಿತ್ತು. ಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ಮೆಲ್ಲಗೆ ಬಿಡಿಸಿ, ಆ ಬೆರಳನ್ನು ಹಿಡಿದುಕೊಂಡಳು. "ಇನ್ನೊಂದ್ಸಲ ಹೇಳು. 'ನೀವು' ಬಿಟ್ಟು."